ಪ್ರಶ್ನೋತ್ತರ: ಬೇಸ್, ರೋವರ್ ಮತ್ತು ಆಂಟೆನಾ ಎತ್ತರ

ಭೂಮಾಪನಕ್ಕೆ ಬಳಸುವ ಉಪಗ್ರಹ ರಿಸೀವರ್‌ಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬಹುಪಾಲು ಪತ್ರಗಳು ‘ನಮ್ಮ ಯಂತ್ರ ಕೆಟ್ಟಿದೆಯೇ?’ ಎಂಬ ಅನುಮಾನದಿಂದ ಆರಂಭವಾಗುತ್ತವೆ. ಓದಿ ನೋಡಿದಾಗ, ಯಂತ್ರ ನಿಜವಾಗಿಯೂ ಕೆಟ್ಟಿರುವ ಪ್ರಕರಣ ಒಂದೂ ಕಾಣಲಿಲ್ಲ. ಯಂತ್ರಕ್ಕೆ ನಾವು ಹೇಳಿಕೊಟ್ಟ ಮಾತಿನಲ್ಲೇ ಎಲ್ಲೋ ಒಂದು ತಪ್ಪು ಸೇರಿಕೊಂಡಿರುತ್ತದೆ.

ಪ್ರಶ್ನೆ: ಮೊಬೈಲ್ ಫೋನ್ ಕೂಡ ಇದೇ ಉಪಗ್ರಹಗಳ ಸಂಕೇತವನ್ನು ಪಡೆಯುತ್ತದೆ, ಆದರೂ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ನಾವು ಹೊಸದಾಗಿ ತಂದ ಜೋಡಿ ರಿಸೀವರ್ ಒಂದೆರಡು ಸೆಂಟಿಮೀಟರಿನ ಲೆಕ್ಕ ಕೊಡುತ್ತದೆ. ಇಷ್ಟು ಅಂತರ ಹೇಗೆ ಬಂತು? ಎರಡು ಯಂತ್ರಗಳೇ ಏಕೆ ಬೇಕು?

ಉತ್ತರ: ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಸಂಕೇತದಲ್ಲಿ ದೂರ ಅಳೆಯಲು ಎರಡು ಬಗೆಯ ಅಳತೆಕೋಲುಗಳಿವೆ. ಮೊದಲನೆಯದು ಸಂಕೇತದ ಮೇಲೆ ಬರೆದಿರುವ ಕೋಡ್. ಸಾರ್ವಜನಿಕ ಬಳಕೆಯ ಹಳೆಯ ಕೋಡ್‌ನ ಒಂದೊಂದು ತುಣುಕಿನ ಉದ್ದ ಸುಮಾರು 293 ಮೀಟರ್. ಅದನ್ನು ಎಷ್ಟೇ ಸೂಕ್ಷ್ಮವಾಗಿ ಓದಿದರೂ ಸಿಗುವುದು ಮೀಟರ್ ಮಟ್ಟದ ಉತ್ತರ. ಫೋನ್ ಮುಖ್ಯವಾಗಿ ಇದನ್ನೇ ನೆಚ್ಚಿಕೊಂಡಿದೆ. ಎರಡನೆಯದು ಆ ಕೋಡನ್ನು ಹೊತ್ತು ತರುವ ರೇಡಿಯೊ ಅಲೆ. 1575.42 ಮೆಗಾಹರ್ಟ್ಸ್ ಆವರ್ತನದ ಈ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಸರ್ವೆ ದರ್ಜೆಯ ರಿಸೀವರ್ ಅದರ ನೂರರಲ್ಲಿ ಒಂದು ಭಾಗವನ್ನು, ಎಂದರೆ ಹೆಚ್ಚುಕಡಿಮೆ 2 ಮಿಲಿಮೀಟರನ್ನು ಗುರುತಿಸಬಲ್ಲದು.

ತೊಡಕು ಎಲ್ಲಿದೆಯೆಂದರೆ, ಅಲೆಯ ಯಾವ ಭಾಗ ಈಗ ಆಂಟೆನಾವನ್ನು ಮುಟ್ಟಿತು ಎಂಬುದು ರಿಸೀವರ್‌ಗೆ ಗೊತ್ತು, ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಎಷ್ಟು ಪೂರ್ಣ ಅಲೆಗಳಿವೆ ಎಂಬುದು ಗೊತ್ತಿಲ್ಲ. ಮಿಲಿಮೀಟರ್ ಗೆರೆಗಳೆಲ್ಲ ಸ್ಪಷ್ಟವಾಗಿದ್ದು ಮೀಟರಿನ ಅಂಕಿಗಳು ಮಾತ್ರ ಅಳಿಸಿಹೋದ ಟೇಪನ್ನು ಊಹಿಸಿಕೊಳ್ಳಿ. ಆ ಅಳಿಸಿಹೋದ ಪೂರ್ಣಾಂಕವನ್ನು ಕಂಡುಹಿಡಿಯುವುದೇ ಈ ಯಂತ್ರದ ನಿಜವಾದ ಕೆಲಸ, ಮತ್ತು ಅದಕ್ಕಾಗಿಯೇ ಎರಡನೆಯ ಯಂತ್ರ ಬೇಕಾಗುತ್ತದೆ. ಒಂದು ರಿಸೀವರನ್ನು ಬೇಸ್ ಎಂದು ಒಂದೇ ಕಡೆ ನಿಲ್ಲಿಸಿ, ಇನ್ನೊಂದನ್ನು ರೋವರ್ ಎಂದು ಕೈಯಲ್ಲಿ ಹಿಡಿದು ಹೊರಟರೆ, ಉಪಗ್ರಹದ ಗಡಿಯಾರದ ತಪ್ಪು, ಕಕ್ಷೆಯ ತಪ್ಪು, ವಾತಾವರಣದಲ್ಲಿ ಅಲೆ ತಡವಾಗುವ ತಪ್ಪು ಇವೆಲ್ಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತವೆ. ಬೇಸ್ ತನ್ನ ಅಳತೆಯನ್ನು ರೇಡಿಯೊ ಮೂಲಕ ರೋವರ್‌ಗೆ ಕಳಿಸುತ್ತಿರುತ್ತದೆ (ಇದನ್ನೇ ತಿದ್ದುಪಡಿ ಎನ್ನುತ್ತಾರೆ); ಒಂದರಿಂದ ಇನ್ನೊಂದನ್ನು ಕಳೆದಾಗ ಅವು ಬಹುಮಟ್ಟಿಗೆ ಅಳಿದುಹೋಗುತ್ತವೆ. 1227.60 ಮತ್ತು 1176.45 ಮೆಗಾಹರ್ಟ್ಸ್‌ನ ಅಲೆಗಳೂ ಜೊತೆಗೆ ಸಿಕ್ಕಿದರೆ ಪೂರ್ಣಾಂಕ ಕೆಲವೇ ಸೆಕೆಂಡುಗಳಲ್ಲಿ ಸಿಗುತ್ತದೆ. ಸಿಕ್ಕಾಗ ಪರದೆಯ ಮೇಲೆ ‘ಫಿಕ್ಸ್’ ಎಂದೂ, ಇನ್ನೂ ಸಿಗದೆ ಅಂದಾಜಿನಲ್ಲಿರುವಾಗ ‘ಫ್ಲೋಟ್’ ಎಂದೂ ಕಾಣುತ್ತದೆ.

ಹೀಗೆ ಅಳೆದದ್ದು ಬೇಸ್‌ನ ಆಂಟೆನಾದಿಂದ ರೋವರ್‌ನ ಆಂಟೆನಾಕ್ಕೆ ಇರುವ ಅಂತರವನ್ನು ಮಾತ್ರ ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಬೇಸ್ ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಯಂತ್ರ ಕಂಡುಹಿಡಿದುಕೊಂಡಿಲ್ಲ; ಅದನ್ನು ನೀವೇ ಹೇಳಿರುತ್ತೀರಿ. ಮುಂದಿನ ಪತ್ರಕ್ಕೆ ಉತ್ತರ ಇದರಲ್ಲೇ ಇದೆ.

ಪ್ರಶ್ನೆ: ಮೊದಲ ದಿನ ಒಂದು ಗೂಟ ಹೊಡೆದು, ಅದರ ಮೇಲೆ ಬೇಸ್ ನಿಲ್ಲಿಸಿ, ಗಡಿಕಲ್ಲುಗಳನ್ನೆಲ್ಲ ಅಳೆದೆವು. ಎರಡನೆಯ ದಿನ ಅದೇ ಗೂಟದ ಮೇಲೆ ಬೇಸ್ ನಿಲ್ಲಿಸಿ ನೋಡಿದರೆ ಹಿಂದಿನ ದಿನದ ಕಲ್ಲುಗಳೆಲ್ಲ 1.4 ಮೀಟರ್ ಸರಿದಿವೆ, ಎತ್ತರ 2.3 ಮೀಟರ್ ವ್ಯತ್ಯಾಸವಾಗಿದೆ. ಮೂರನೆಯ ದಿನ ತಿಳಿದವರೊಬ್ಬರ ಸಲಹೆಯಂತೆ ಮೊದಲ ದಿನದ ಬೇಸ್ ನಿರ್ದೇಶಾಂಕವನ್ನು ಕೈಯಾರೆ ಬರೆದು ಕೊಟ್ಟೆವು. ಆಗ ಜಾಗ ಕೂಡಿಬಂತು, ಆದರೆ ಎತ್ತರ ಎಲ್ಲ ಕಡೆಯೂ 6 ಸೆಂಟಿಮೀಟರ್ ಹೆಚ್ಚು ಬರುತ್ತಿದೆ. ಯಂತ್ರವನ್ನು ವಾಪಸು ಕಳಿಸಬೇಕೇ?

ಉತ್ತರ: ಕಳಿಸಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ, ಎರಡೂ ತಮ್ಮ ಗುರುತನ್ನು ಬಿಟ್ಟುಹೋಗಿವೆ.

ಎಲ್ಲ ಕಲ್ಲುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದಿವೆ ಎಂದರೆ ಕಲ್ಲುಗಳ ನಡುವಿನ ಅಂತರಗಳು ಸರಿಯಾಗಿಯೇ ಇವೆ, ಬೇಸ್ ತಾನು ನಿಂತಿರುವ ಜಾಗದ ಬಗ್ಗೆ ಬೇರೆ ಮಾತು ಹೇಳಿದೆ ಎಂದರ್ಥ. ಬೇಸ್ ಆರಂಭಿಸುವಾಗ ‘ಈಗಿರುವ ಸ್ಥಾನವನ್ನೇ ತೆಗೆದುಕೋ’ ಎನ್ನುವ ಗುಂಡಿಯೊಂದು ಇರುತ್ತದೆ. ಅದನ್ನು ಒತ್ತಿದ ಕ್ಷಣ ಯಂತ್ರ ಯಾರ ನೆರವೂ ಇಲ್ಲದೆ, ಫೋನಿನ ಹಾಗೆಯೇ ಕೋಡ್‌ನಿಂದ ತನ್ನ ಜಾಗವನ್ನು ಅಂದಾಜು ಮಾಡುತ್ತದೆ. ಆ ಅಂದಾಜು ಇಂದು ಒಂದು, ನಾಳೆ ಇನ್ನೊಂದು. ಮೀಟರ್ ಎರಡು ಮೀಟರ್ ಬದಲಾಗುವುದು ಸಹಜ, ಎತ್ತರದಲ್ಲಿ ಇನ್ನೂ ಹೆಚ್ಚು. ನೀವು ಎರಡನೆಯ ದಿನವೂ ಅದೇ ಗುಂಡಿಯನ್ನು ಒತ್ತಿದ್ದೀರಿ. ಗೂಟದ ಮೇಲೆ ಮೊದಲ ಬಾರಿ ನಿಲ್ಲಿಸುವಾಗ, ತಿಳಿದ ನಿರ್ದೇಶಾಂಕ ಯಾವುದೂ ಇಲ್ಲದಿದ್ದರೆ, ಆ ಗುಂಡಿ ಒತ್ತುವುದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಮಾತ್ರ ಆ ಗೂಟಕ್ಕೆ ಒಂದೇ ಹೆಸರು, ಒಂದೇ ನಿರ್ದೇಶಾಂಕ.

ಎರಡನೆಯ ದಿನದ ಕೆಲಸವನ್ನು ಎಸೆಯಬೇಕಾಗಿಲ್ಲ. ಬೇಸ್‌ನ ಜಾಗ 20 ಮೀಟರ್ ತಪ್ಪಾಗಿದ್ದರೂ ಅಳೆದ ಅಂತರಗಳಲ್ಲಿ ಕಿಲೋಮೀಟರಿಗೆ ಸುಮಾರು 1 ಮಿಲಿಮೀಟರ್ ಮಾತ್ರ ವ್ಯತ್ಯಾಸ ಬರುತ್ತದೆ. ಆದ್ದರಿಂದ ಎರಡು ದಿನಗಳ ಬೇಸ್ ನಿರ್ದೇಶಾಂಕಗಳ ವ್ಯತ್ಯಾಸವನ್ನು ತೆಗೆದು, ಎರಡನೆಯ ದಿನದ ಎಲ್ಲ ಬಿಂದುಗಳನ್ನು ಅಷ್ಟೇ ಸರಿಸಿದರೆ ಸಾಕು.

ಇನ್ನು 6 ಸೆಂಟಿಮೀಟರ್. ಜಾಗ ಸರಿಯಾಗಿದ್ದು ಎತ್ತರ ಮಾತ್ರ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ, ನೂರಕ್ಕೆ ತೊಂಬತ್ತು ಸಲ ಆಂಟೆನಾ ಎತ್ತರವನ್ನೇ ಸಂದೇಹಿಸಬೇಕು. ಟ್ರೈಪಾಡ್ ಮೇಲಿರುವ ಆಂಟೆನಾದಲ್ಲಿ ಮೂರು ಮಟ್ಟಗಳಿವೆ: ಆಂಟೆನಾವನ್ನು ತಿರುಪಿ ಕೂರಿಸುವ ಅದರ ತಳ, ಹೊರ ಕವಚದ ಸುತ್ತ, ಟೇಪಿನ ತುದಿ ಹಿಡಿಯಲೆಂದು ಮಾಡಿದ ಗೆರೆ ಅಥವಾ ಅಂಚು, ಮತ್ತು ಕವಚದೊಳಗೆ, ಕಣ್ಣಿಗೆ ಕಾಣದ, ಅಲೆಯನ್ನು ನಿಜವಾಗಿ ಅಳೆಯುವ ಬಿಂದು. ಅಳೆಯುವವರು ಗೂಟದ ತಲೆಯಿಂದ ಕವಚದ ಗೆರೆಗೆ ಓರೆಯಾಗಿ ಟೇಪು ಹಿಡಿಯುತ್ತಾರೆ, ಏಕೆಂದರೆ ನೇರವಾಗಿ ಅಳೆಯಲು ಟ್ರಿಬ್ರ್ಯಾಕ್ (ಟ್ರೈಪಾಡ್ ಮೇಲೆ ಆಂಟೆನಾವನ್ನು ಮಟ್ಟವಾಗಿ ಕೂರಿಸುವ ತಿರುಪಿನ ಪೀಠ) ಅಡ್ಡ ಬರುತ್ತದೆ. ಆದರೆ ರಿಸೀವರನ್ನು ನಡೆಸುವ ಕೈಯಂತ್ರದಲ್ಲಿ, ಎಂದರೆ ಕಂಟ್ರೋಲರ್‌ನಲ್ಲಿ, ‘ತಳದವರೆಗೆ, ಲಂಬ’ ಎಂಬ ಆಯ್ಕೆ ಹಾಗೆಯೇ ಉಳಿದಿರುತ್ತದೆ. ಆಗ ಗೆರೆಗೂ ತಳಕ್ಕೂ ಇರುವ ಅಂತರ ಪೂರ್ತಿಯಾಗಿ ಲೆಕ್ಕದೊಳಗೆ ನುಸುಳುತ್ತದೆ. ಬೇಸ್‌ನ ಆಂಟೆನಾ ಇರುವುದಕ್ಕಿಂತ ಎತ್ತರದಲ್ಲಿದೆ ಎಂದು ಯಂತ್ರ ನಂಬುತ್ತದೆ; ಅಲ್ಲಿಂದ ಇಳಿಸಿದ ಪ್ರತಿಯೊಂದು ಬಿಂದುವೂ ಅಷ್ಟೇ ಎತ್ತರಕ್ಕೆ ಏರುತ್ತದೆ. ನಿಮ್ಮಲ್ಲಿ ‘ಹೆಚ್ಚು’ ಬಂದಿರುವುದು ಇದಕ್ಕೆ ಹೊಂದುತ್ತದೆ. ರೋವರ್‌ನ ಆಂಟೆನಾವನ್ನು ಹೊತ್ತ ಕೋಲಿನ, ಎಂದರೆ ಪೋಲ್‌ನ, ಎತ್ತರದಲ್ಲಿ ಇದೇ ತಪ್ಪಾಗಿದ್ದರೆ ಪರಿಣಾಮ ತಿರುಗುಮುರುಗಾಗಿ, ಬಿಂದುಗಳು ತಗ್ಗಿಗೆ ಇಳಿಯುತ್ತಿದ್ದವು.

ಓರೆ ಅಳತೆಯೇ ಅಪರಾಧಿ ಎಂದು ಕೆಲವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ: ಓರೆ ಅಳತೆ 1.600 ಮೀಟರ್, ಆಂಟೆನಾದ ಅರ್ಧವ್ಯಾಸ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಲಂಬ ಎತ್ತರ 1.597 ಮೀಟರ್. ವ್ಯತ್ಯಾಸ 3 ಮಿಲಿಮೀಟರ್ ಮಾತ್ರ. ಆರು ಸೆಂಟಿಮೀಟರ್ ತಪ್ಪು ಬರಬೇಕಾದರೆ ಎಲ್ಲಿಯವರೆಗೆ ಅಳೆದೆವು ಎಂಬ ಹೇಳಿಕೆಯೇ ತಪ್ಪಿರಬೇಕು. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಈ ಮೂರು ಮಟ್ಟಗಳ ಚಿತ್ರವೂ ಮಿಲಿಮೀಟರ್ ಅಂಕಿಗಳೂ ಇರುತ್ತವೆ. ಕಂಟ್ರೋಲರ್‌ನಲ್ಲಿ ಆಂಟೆನಾದ ಮಾದರಿಯನ್ನೂ ಅಳತೆಯ ಬಗೆಯನ್ನೂ ಆ ಚಿತ್ರಕ್ಕೆ ಹೊಂದಿಸಿ. ಆಂಟೆನಾ ಮಾದರಿ ತಪ್ಪಾಗಿ ಆಯ್ಕೆಯಾಗಿದ್ದರೂ ಇಂಥದೇ ತಪ್ಪು ಬರುತ್ತದೆ.

ಎತ್ತರವನ್ನು ಆಂಟೆನಾದ ಸುತ್ತ ಮೂರು ಕಡೆಯಿಂದ ಅಳೆಯಿರಿ; ಮೂರೂ 2 ಮಿಲಿಮೀಟರ್ ಒಳಗೆ ಹೊಂದದಿದ್ದರೆ ಟ್ರಿಬ್ರ್ಯಾಕ್ ಮಟ್ಟವಾಗಿಲ್ಲ ಎಂದು ತಿಳಿಯಿರಿ. ಮೀಟರಿನಲ್ಲಿ ಅಳೆದ ಮೇಲೆ ಟೇಪನ್ನು ತಿರುಗಿಸಿ ಅಡಿ ಅಂಗುಲಗಳಲ್ಲೂ ಒಮ್ಮೆ ಓದಿ, ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಈ ಪದ್ಧತಿ ಹಳೆಯ ಕಾಲದ್ದೆಂದು ನಗುವವರಿದ್ದಾರೆ. ನಾನು ಒಮ್ಮೆ 1.652 ಎಂಬುದನ್ನು 1.562 ಎಂದು ಬರೆದುಕೊಂಡು, ಒಂದು ಇಡೀ ದಿನದ ಮಟ್ಟಗಳನ್ನೆಲ್ಲ 9 ಸೆಂಟಿಮೀಟರ್ ತಪ್ಪಿನಲ್ಲಿ ಒಪ್ಪಿಸಿದ ಮೇಲೆ ಆ ನಗುವಿನಲ್ಲಿ ಸೇರುವುದನ್ನು ಬಿಟ್ಟಿದ್ದೇನೆ. ಸಂಜೆ ಬೇಸ್ ಬಿಚ್ಚುವ ಮುನ್ನ ಮತ್ತೊಮ್ಮೆ ಅಳೆಯಬೇಕು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಮತ್ತು ಸಡಿಲ ಮಣ್ಣಿನಲ್ಲಿ ಟ್ರೈಪಾಡ್‌ನ ಕಾಲು ನಿಧಾನವಾಗಿ ಇಳಿಯುತ್ತದೆ.

ಕೊನೆಯದಾಗಿ, ನಿಮ್ಮ ಗೂಟದ ನಿರ್ದೇಶಾಂಕ ಈಗಲೂ ಮೊದಲ ದಿನದ ಅಂದಾಜೇ ಆಗಿದೆ ಎಂಬುದನ್ನು ಮರೆಯಬೇಡಿ. ನಿಮ್ಮ ಬಿಂದುಗಳು ಪರಸ್ಪರ ಕೂಡುತ್ತವೆ, ಬೇರೆಯವರ ನಕ್ಷೆಯೊಂದಿಗೆ ಕೂಡುವುದಿಲ್ಲ. ಹತ್ತಿರದಲ್ಲಿ, ನಿರ್ದೇಶಾಂಕ ಮೊದಲೇ ಗೊತ್ತಿರುವ ಅಧಿಕೃತ ನಿಯಂತ್ರಣ ಬಿಂದುವಿದ್ದರೆ ಅದರ ಮೇಲೆ ಬೇಸ್ ನಿಲ್ಲಿಸುವುದು ಅಥವಾ ರೋವರ್ ಇಟ್ಟು ಅಳೆದು ವ್ಯತ್ಯಾಸ ಕಂಡುಕೊಳ್ಳುವುದು ಉತ್ತಮ. ಅಂಥದು ಇಲ್ಲದಿದ್ದರೆ, ಬೇಸ್ ರೇಡಿಯೊ ಮೂಲಕ ತಿದ್ದುಪಡಿ ಕಳಿಸುತ್ತಿರುವಾಗಲೇ ಅದರ ಕಚ್ಚಾ ಮಾಹಿತಿಯನ್ನು ದಾಖಲಿಸಿಕೊಳ್ಳಲು ಹೇಳಿ. ಕೆಲಸ ಮುಗಿದ ಮೇಲೆ ಅದನ್ನು ರೈನೆಕ್ಸ್ ಎಂಬ ಸಾಮಾನ್ಯ ರೂಪಕ್ಕೆ ಬದಲಿಸಿ, ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಅಥವಾ ಆಸ್ಟ್ರೇಲಿಯಾದ ಆಸ್‌ಪಾಸ್ ಎಂಬ ಉಚಿತ ಸೇವೆಗೆ ಕಳಿಸಬಹುದು. ಆಸ್‌ಪಾಸ್‌ಗೆ ಕನಿಷ್ಠ ಒಂದು ಗಂಟೆಯ ದಾಖಲೆ ಬೇಕು. ನಾಲ್ಕಾರು ಗಂಟೆಯದಿದ್ದರೆ ಉತ್ತರ ಹೆಚ್ಚು ನಂಬಿಕೆಗೆ ಅರ್ಹವಾಗಿರುತ್ತದೆ. ಉಪಗ್ರಹಗಳ ಅಂತಿಮ ಕಕ್ಷೆಗಳು ಪ್ರಕಟವಾಗಲು ಸುಮಾರು ಎರಡು ವಾರ ಹಿಡಿಯುವುದರಿಂದ, ಅವಸರವಿಲ್ಲದವರು ಅಷ್ಟು ಕಾದು ಮತ್ತೊಮ್ಮೆ ಲೆಕ್ಕ ಹಾಕಿಸಬಹುದು. ಬಂದ ಉತ್ತರದ ಜೊತೆ ಒಂದು ದಿನಾಂಕವೂ ಇರುತ್ತದೆ. ಅದನ್ನು ಅಲಂಕಾರವೆಂದು ತಿಳಿಯದೆ ನಿರ್ದೇಶಾಂಕದ ಭಾಗವಾಗಿಯೇ ಬರೆದಿಡಿ. ಭೂಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಚಲಿಸುವುದರಿಂದ, ಹತ್ತು ವರ್ಷಗಳ ಹಿಂದಿನ ಮತ್ತು ಈಗಿನ ಜಾಗತಿಕ ನಿರ್ದೇಶಾಂಕಗಳು ಒಂದೇ ಕಲ್ಲಿಗೂ ಬೇರೆ ಬೇರೆಯಾಗಿರುತ್ತವೆ.

ಪ್ರಶ್ನೆ: ಬೇಸ್ ನಿಲ್ಲಿಸಲು ಎಂಥ ಜಾಗವನ್ನು ಆರಿಸಬೇಕು? ಕಾವಲಿಗೆ ಅನುಕೂಲವೆಂದು ನಾವು ಗೋದಾಮಿನ ಗೋಡೆಯ ಪಕ್ಕದಲ್ಲಿ ನಿಲ್ಲಿಸುತ್ತೇವೆ.

ಉತ್ತರ: ಕಾವಲಿಗೆ ಅನುಕೂಲವಾದ ಜಾಗ ಸಾಮಾನ್ಯವಾಗಿ ಬೇಸ್‌ಗೆ ಅನುಕೂಲವಾಗಿರುವುದಿಲ್ಲ. ಗೋಡೆ, ತಗಡಿನ ಚಾವಣಿ, ನಿಂತ ವಾಹನ, ನೀರಿನ ಹರವು ಇವೆಲ್ಲ ಉಪಗ್ರಹದ ಅಲೆಯನ್ನು ಪ್ರತಿಫಲಿಸುತ್ತವೆ. ನೇರ ಬಂದ ಅಲೆಯೊಂದಿಗೆ ತಟ್ಟಿ ಬಂದ ಅಲೆಯೂ ಬೆರೆತಾಗ ಅಳತೆ ಸೆಂಟಿಮೀಟರ್‌ಗಳಷ್ಟು ಓಲಾಡುತ್ತದೆ. ಇದು ಬೇಸ್ ಮತ್ತು ರೋವರ್ ಎರಡಕ್ಕೂ ಸಮಾನವಾದ ತಪ್ಪಲ್ಲವಾದ್ದರಿಂದ, ಒಂದನ್ನು ಇನ್ನೊಂದರಿಂದ ಕಳೆದು ಹೋಗಲಾಡಿಸಲು ಬರುವುದಿಲ್ಲ. ಬೇಸ್‌ನಲ್ಲಿ ಉಂಟಾದ ಈ ಓಲಾಟ ಆ ದಿನ ಅಳೆದ ಪ್ರತಿ ಬಿಂದುವಿಗೂ ಹಂಚಿಹೋಗುತ್ತದೆ. ರೋವರನ್ನು ಮರದ ಪಕ್ಕ ಹಿಡಿಯಲೇಬೇಕಾದ ಸಂದರ್ಭ ಬರುತ್ತದೆ, ಬೇಸನ್ನು ಅಂಥಲ್ಲಿ ಇಡಬೇಕಾದ ಒತ್ತಾಯ ಯಾವತ್ತೂ ಇಲ್ಲ.

ಸುತ್ತಲೂ ದಿಗಂತದಿಂದ 10ರಿಂದ 15 ಡಿಗ್ರಿಯ ಮೇಲೆ ಆಕಾಶ ತೆರೆದಿರುವ, ಸ್ವಲ್ಪ ಎತ್ತರದ ಬಯಲನ್ನು ಆರಿಸಿ. ಅದಕ್ಕಿಂತ ಕೆಳಗಿರುವ ಉಪಗ್ರಹಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ರಿಸೀವರ್‌ಗೂ ಹೇಳಬಹುದು; ಅವುಗಳ ಅಲೆ ವಾತಾವರಣದಲ್ಲಿ ಬಹುದೂರ ಓರೆಯಾಗಿ ಸಾಗಿ ಬಂದಿರುತ್ತದೆ. ಮೊಬೈಲ್ ಗೋಪುರ ಮತ್ತು ಹೆಚ್ಚಿನ ವೋಲ್ಟೇಜಿನ ತಂತಿಗಳಿಂದ ದೂರವಿರಲಿ. ಇಳಿಜಾರಿನಲ್ಲಿ ಟ್ರೈಪಾಡ್‌ನ ಎರಡು ಕಾಲು ಕೆಳಗಡೆಗೆ, ಒಂದು ಮೇಲ್ಗಡೆಗೆ. ಕಾರು ಅಥವಾ ಜೀಪನ್ನು ನೆರಳಿಗೆಂದು ಬೇಸ್‌ನ ಪಕ್ಕಕ್ಕೆ ತಂದು ನಿಲ್ಲಿಸುವುದು ಬಹಳ ಕಡೆ ಕಾಣುವ ಅಭ್ಯಾಸ. ಬಯಲನ್ನು ಹುಡುಕಿಕೊಂಡು ಹೋಗಿ ಅದರ ಮಧ್ಯೆ ನಾವೇ ಒಂದು ತಗಡಿನ ಗೋಡೆ ಎಬ್ಬಿಸಿದಂತಾಗುತ್ತದೆ.

ಪ್ರಶ್ನೆ: ಬೇಸ್‌ನ ರೇಡಿಯೊ ದೀಪ ಸೆಕೆಂಡಿಗೊಮ್ಮೆ ಮಿನುಗುತ್ತದೆ. ರೋವರ್‌ನಲ್ಲೂ ದೀಪ ಮಿನುಗುತ್ತದೆ. ಆದರೂ ಗಂಟೆಗಟ್ಟಲೆ ಕಾದರೂ ಫಿಕ್ಸ್ ಬರುವುದಿಲ್ಲ.

ಉತ್ತರ: ದೀಪ ಮಿನುಗುವುದು ಏನೋ ಬರುತ್ತಿದೆ ಎಂಬುದಕ್ಕೆ ಸಾಕ್ಷಿ, ಬಂದದ್ದು ಅರ್ಥವಾಗುತ್ತಿದೆ ಎಂಬುದಕ್ಕಲ್ಲ. ಆವರ್ತನ, ಗಾಳಿಯಲ್ಲಿ ಮಾಹಿತಿ ಸಾಗುವ ವೇಗ, ರೇಡಿಯೊ ಬಳಸುವ ಪ್ರೋಟೊಕಾಲ್ ಈ ಮೂರೂ ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು. ಅನಂತರ ಸಂದೇಶದ ರೂಪ. ಬೇರೆ ಬೇರೆ ಕಂಪನಿಗಳ ಬೇಸ್ ಮತ್ತು ರೋವರ್ ಬಳಸುವವರು ತಯಾರಕರ ಖಾಸಗಿ ರೂಪವನ್ನು ಬಿಟ್ಟು ಆರ್‌ಟಿಸಿಎಂ 3 ಎಂಬ ಸಾಮಾನ್ಯ ರೂಪವನ್ನು ಆರಿಸಿಕೊಳ್ಳಬೇಕು. ಅದರಲ್ಲಿ ಉಪಗ್ರಹಗಳ ಅಳತೆ ಒಂದು ಬಗೆಯ ಸಂದೇಶದಲ್ಲಿ ಬಂದರೆ, ಬೇಸ್‌ನ ನಿರ್ದೇಶಾಂಕ 1005 ಅಥವಾ 1006 ಎಂಬ ಸಂಖ್ಯೆಯ ಬೇರೆಯೇ ಸಂದೇಶದಲ್ಲಿ ಬರುತ್ತದೆ. ಅಳತೆಗಳನ್ನೆಲ್ಲ ಕಳಿಸಿ ಈ ಒಂದನ್ನು ಕಳಿಸದೆ ಬಿಟ್ಟರೆ, ನೀವು ವರ್ಣಿಸಿರುವ ಪರಿಸ್ಥಿತಿಯೇ ಉಂಟಾಗುತ್ತದೆ: ದೀಪ ಮಿನುಗುತ್ತದೆ, ಆದರೆ ರೋವರ್‌ಗೆ ಯಾವ ಬಿಂದುವಿನಿಂದ ಅಳೆಯಬೇಕೆಂದು ಗೊತ್ತಾಗುವುದಿಲ್ಲ. ಬೇಸ್‌ನ ಸಂದೇಶಪಟ್ಟಿಯನ್ನು ತೆರೆದು ಮೊದಲು ಇದನ್ನೇ ನೋಡಿ.

ಹೊರಗಿನ ದೊಡ್ಡ ರೇಡಿಯೊ ಬಳಸುವುದಾದರೆ ಅದರ ಆಂಟೆನಾವನ್ನು ಜೋಡಿಸಿದ ಮೇಲಷ್ಟೇ ವಿದ್ಯುತ್ ಕೊಡಿ. ಆಂಟೆನಾ ಇಲ್ಲದೆ ಪ್ರಸಾರ ಆರಂಭಿಸಿದರೆ ಶಕ್ತಿಯು ಹೊರಹೋಗಲು ದಾರಿಯಿಲ್ಲದೆ ರೇಡಿಯೊ ಒಳಗೇ ಸುಟ್ಟುಹೋಗಬಹುದು. ಆ ಆಂಟೆನಾವನ್ನು ಎತ್ತರಕ್ಕೆ ಏರಿಸುವುದರಿಂದ ಸಿಗುವ ಲಾಭ ವ್ಯಾಟ್ ಹೆಚ್ಚಿಸುವುದರಿಂದ ಸಿಗುವುದಿಲ್ಲ. ಇಂಟರ್ನೆಟ್ ಮೂಲಕ ತಿದ್ದುಪಡಿ ಪಡೆಯುವವರಿಗೆ ಈ ರೇಡಿಯೊ ಗೋಜಲು ಇಲ್ಲ, ಆದರೆ ಬೇಸ್ ಎಷ್ಟು ದೂರದಲ್ಲಿದೆ ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ. ‘8 ಮಿ.ಮೀ. + 1 ಪಿಪಿಎಂ’ ಎಂದು ಯಂತ್ರದ ವಿವರಣೆಯಲ್ಲಿ ಬರೆದಿದ್ದರೆ ಬೇಸ್‌ನಿಂದ ದೂರವಾದ ಪ್ರತಿ ಕಿಲೋಮೀಟರಿಗೂ 1 ಮಿಲಿಮೀಟರ್ ಅನಿಶ್ಚಿತತೆ ಸೇರುತ್ತದೆ ಎಂದರ್ಥ. 30 ಕಿಲೋಮೀಟರ್ ಆಚೆಯ ಬೇಸ್ ಬಳಸಿ ಒಂದು ಸೆಂಟಿಮೀಟರಿನ ನಿಖರತೆಯನ್ನು ನಿರೀಕ್ಷಿಸಬಾರದು.

ಪ್ರಶ್ನೆ: ಪರದೆಯ ಮೇಲೆ ಫಿಕ್ಸ್ ಎಂದಿತ್ತು, ನಿಖರತೆ 1.2 ಸೆಂಟಿಮೀಟರ್ ಎಂದೂ ಇತ್ತು. ಮರಗಳ ಅಂಚಿನಲ್ಲಿದ್ದ ಅದೇ ಕಲ್ಲನ್ನು ಮಧ್ಯಾಹ್ನ ಮತ್ತೆ ಅಳೆದರೆ 40 ಸೆಂಟಿಮೀಟರ್ ಬೇರೆ ಬಂತು. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬದೆ ಮೂರನೆಯ ಸಲ ಅಳೆಯಬೇಕು. ಮೊದಲ ಉತ್ತರದಲ್ಲಿ ಹೇಳಿದ ಪೂರ್ಣಾಂಕವನ್ನು ಯಂತ್ರ ಸಂಭವನೀಯತೆಯ ಲೆಕ್ಕದಿಂದ ಆರಿಸುತ್ತದೆ. ಎಲೆಗಳ ಮರೆಯಲ್ಲಿ ಅಲೆಗಳು ಕಡಿದು ಕಡಿದು ಬಂದಾಗ, ಗೋಡೆಗೆ ತಟ್ಟಿ ಬಂದಾಗ, ತಪ್ಪು ಪೂರ್ಣಾಂಕವೇ ಹೆಚ್ಚು ಸರಿಯೆಂಬಂತೆ ತೋರಬಹುದು. ಪರದೆಯಲ್ಲಿ ಕಾಣುವ 1.2 ಸೆಂಟಿಮೀಟರ್, ‘ನಾನು ಆರಿಸಿದ ಪೂರ್ಣಾಂಕ ಸರಿಯಾಗಿದ್ದರೆ’ ಎಂಬ ಷರತ್ತಿನ ಮೇಲೆ ಹೇಳಿದ ಮಾತು. ಷರತ್ತನ್ನು ಯಂತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಪರೀಕ್ಷೆ ಸುಲಭ. ಬಿಂದುವನ್ನು ಅಳೆದ ಮೇಲೆ ಬಯಲಿಗೆ ಹೋಗಿ ಪೂರ್ಣಾಂಕದ ಲೆಕ್ಕವನ್ನು ಮೊದಲಿನಿಂದ ಆರಂಭಿಸಲು ಹೇಳಿ, ಮತ್ತೆ ಬಂದು ಅಳೆಯಿರಿ. ಇದರಿಂದ ಬಹಳಷ್ಟು ಹುಸಿ ಫಿಕ್ಸ್‌ಗಳು ಸಿಕ್ಕಿಬೀಳುತ್ತವೆ. ಆದರೆ ಗಡಿಕಲ್ಲಿನಂಥ ಮುಖ್ಯ ಬಿಂದುಗಳಿಗೆ ಇಷ್ಟು ಸಾಲದು; ಒಂದೆರಡು ಗಂಟೆಯ ಅಂತರ ಕೊಟ್ಟು, ಉಪಗ್ರಹಗಳ ಜೋಡಣೆ ಬದಲಾದ ಮೇಲೆ ಇನ್ನೊಮ್ಮೆ ಅಳೆಯಬೇಕು. ಇಲ್ಲಿ ಒಂದು ಸ್ವಾರಸ್ಯವಿದೆ. ಮರುದಿನ ಬಂದು ಪರೀಕ್ಷಿಸುತ್ತೇವೆ ಎನ್ನುವವರು ರೂಢಿಯಂತೆ ಅದೇ ಹೊತ್ತಿಗೆ ಬರುತ್ತಾರೆ. ಜಿಪಿಎಸ್ ಉಪಗ್ರಹ ಒಂದು ಸುತ್ತು ಮುಗಿಸಲು ಸುಮಾರು 11 ಗಂಟೆ 58 ನಿಮಿಷ ತೆಗೆದುಕೊಳ್ಳುವುದರಿಂದ, ಎರಡು ಸುತ್ತಿನ ಬಳಿಕ, ಎಂದರೆ ಮರುದಿನ 4 ನಿಮಿಷ ಮುಂಚೆ, ಅವು ಆಕಾಶದಲ್ಲಿ ಅದೇ ಜಾಗಗಳಲ್ಲಿರುತ್ತವೆ. ಅದೇ ಗೋಡೆಗೆ ಅದೇ ಕೋನದಲ್ಲಿ ತಟ್ಟಿದ ಅಲೆ ನಿನ್ನೆಯ ತಪ್ಪನ್ನೇ ಇಂದೂ ತರುತ್ತದೆ, ನೀವು ಎರಡೂ ಕೂಡಿಬಂತೆಂದು ಸಮಾಧಾನಪಡುತ್ತೀರಿ. ಬೆಳಿಗ್ಗೆ ಅಳೆದದ್ದನ್ನು ಮರುದಿನ ಮಧ್ಯಾಹ್ನ ಪರೀಕ್ಷಿಸಿ.

ಮರದ ಕೆಳಗಿನ ಕಲ್ಲು ಮೂರನೆಯ ಸಲವೂ ಹಟ ಮಾಡಿದರೆ ಉಪಗ್ರಹವನ್ನು ಬಿಟ್ಟುಬಿಡಿ. ಬಯಲಿನಲ್ಲಿ ಒಂದಕ್ಕೊಂದು ಕಾಣುವ ಎರಡು ಬಿಂದುಗಳನ್ನು ರೋವರ್‌ನಿಂದ ಸ್ಥಾಪಿಸಿ, ಅಲ್ಲಿಂದ ಕೋನವನ್ನೂ ದೂರವನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಲ್ಲಿ ಕಲ್ಲನ್ನು ಅಳೆಯುವುದೇ ಹತ್ತಿರದ ದಾರಿ.

ಪ್ರಶ್ನೆ: ನಾನು ನಿಂತಿರುವ ನೆಲ ಸಮುದ್ರಕ್ಕಿಂತ ಮೇಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ರಿಸೀವರ್ ಮಾತ್ರ ಎತ್ತರ ಮೈನಸ್ 61 ಮೀಟರ್ ಎನ್ನುತ್ತದೆ. ಏಕೆ?

ಉತ್ತರ: ಅದು ಸಮುದ್ರವನ್ನು ನೋಡಿಲ್ಲ. ಉಪಗ್ರಹದ ಲೆಕ್ಕಕ್ಕೆ ಭೂಮಿ ಎಂದರೆ ಧ್ರುವಗಳಲ್ಲಿ ತುಸು ಚಪ್ಪಟೆಯಾದ, ಗಣಿತದ ನಯವಾದ ಗೋಳ. ಸಮಭಾಜಕದಲ್ಲಿ ಅದರ ಅರ್ಧವ್ಯಾಸ 6,378,137 ಮೀಟರ್. ನಿಜವಾದ ಸಮುದ್ರಮಟ್ಟ ಗುರುತ್ವವನ್ನು ಅನುಸರಿಸುತ್ತದೆ, ಮತ್ತು ಭೂಗರ್ಭದಲ್ಲಿ ದ್ರವ್ಯರಾಶಿ ಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಆ ಮಟ್ಟ ಗಣಿತದ ಗೋಳಕ್ಕಿಂತ ಕೆಲವು ಕಡೆ ಉಬ್ಬಿದೆ, ಕೆಲವು ಕಡೆ ತಗ್ಗಿದೆ. ಆ ಗುರುತ್ವದ ಮಟ್ಟಕ್ಕೆ ಜಿಯಾಯ್ಡ್ ಎಂದು ಹೆಸರು. ಲೋಕದಲ್ಲೇ ಅತಿ ಆಳದ ತಗ್ಗು ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಅದು ಗಣಿತದ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ನಿಮ್ಮ ಜಾಗದಲ್ಲಿ ಜಿಯಾಯ್ಡ್ 86.20 ಮೀಟರ್ ಕೆಳಗಿದೆ ಎಂದಿಟ್ಟುಕೊಳ್ಳಿ. ರಿಸೀವರ್ ಮೈನಸ್ 61.20 ಎಂದರೆ ನೀವು ಸಮುದ್ರಮಟ್ಟದಿಂದ 25.00 ಮೀಟರ್ ಮೇಲಿದ್ದೀರಿ. ಕಂಟ್ರೋಲರ್‌ನಲ್ಲಿ ಇಜಿಎಂ 2008ರಂಥ ಜಿಯಾಯ್ಡ್ ಮಾದರಿಯನ್ನು ಅಥವಾ ನಿಮ್ಮ ದೇಶದ ಅಧಿಕೃತ ಮಾದರಿಯನ್ನು ತುಂಬಿದರೆ ಈ ಕಳೆಯುವಿಕೆ ತಾನಾಗಿ ನಡೆಯುತ್ತದೆ. ಜಾಗತಿಕ ಮಾದರಿಯಲ್ಲಿ ಡೆಸಿಮೀಟರ್ ಮಟ್ಟದ ವ್ಯತ್ಯಾಸ ಉಳಿಯಬಹುದಾದ್ದರಿಂದ, ನೀರು ಹರಿಸುವ ಕೆಲಸಕ್ಕೆ ಮುನ್ನ ಮಟ್ಟ ತಿಳಿದ ಕಲ್ಲೊಂದರ ಮೇಲೆ ರೋವರ್ ಇಟ್ಟು ಹೋಲಿಸಿ ನೋಡಿ.

ಪ್ರಶ್ನೆ: ಎರಡು ಕಲ್ಲುಗಳ ನಡುವೆ ಉಕ್ಕಿನ ಟೇಪಿನಲ್ಲಿ 500.00 ಮೀಟರ್ ಬಂದರೆ, ರೋವರ್‌ನ ನಿರ್ದೇಶಾಂಕಗಳಿಂದ ಲೆಕ್ಕ ಹಾಕಿದಾಗ 499.73 ಬರುತ್ತದೆ. ಇದು ಫಿಕ್ಸ್‌ನ ತಪ್ಪೇ?

ಉತ್ತರ: ಅಲ್ಲ, ನಿರ್ದೇಶಾಂಕಗಳನ್ನು ಗುರುತಿಸುವ ನಕ್ಷೆಯ ಚೌಕುಳಿಯ ತಪ್ಪು, ತಪ್ಪು ಎನ್ನುವುದಕ್ಕಿಂತ ಅದರ ಗುಣ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಯುಟಿಎಂ ಪದ್ಧತಿಯು ಪ್ರತಿ ವಲಯದ ಮಧ್ಯರೇಖೆಯಲ್ಲಿ ಉದ್ದಗಳನ್ನು 0.9996ರಿಂದ ಗುಣಿಸುತ್ತದೆ, 500 ಮೀಟರಿಗೆ 20 ಸೆಂಟಿಮೀಟರ್ ಅಲ್ಲಿಯೇ ಕಡಿಮೆಯಾಯಿತು. ನೀವು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದರೆ, ಅಳತೆಯನ್ನು ಕೆಳಗಿನ ಮಟ್ಟಕ್ಕೆ ಇಳಿಸುವಾಗ ಇನ್ನೂ 7 ಸೆಂಟಿಮೀಟರ್ ಹೋಗುತ್ತದೆ. ಎರಡೂ ಸೇರಿ ನಿಮ್ಮ 27 ಸೆಂಟಿಮೀಟರ್. ಕಂಟ್ರೋಲರ್‌ನಲ್ಲಿ ದೂರವನ್ನು ‘ನೆಲದ ಮೇಲೆ’ ತೋರಿಸಲು ಹೇಳುವ ಆಯ್ಕೆಯಿದೆ. ಕ್ರಯಪತ್ರಕ್ಕೆ ಯಾವ ದೂರ, ನಕ್ಷೆಗೆ ಯಾವ ದೂರ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ನಿರ್ಧರಿಸಿ, ನಕ್ಷೆಯ ಮೂಲೆಯಲ್ಲಿ ಬರೆದುಬಿಡಿ.

ಪ್ರಶ್ನೆ: ಮೋಡ ಕವಿದ ದಿನ ಕೆಲಸ ನಿಲ್ಲಿಸಬೇಕೇ?

ಉತ್ತರ: ಮೋಡಕ್ಕೆ ನಿಲ್ಲಿಸಬೇಕಾಗಿಲ್ಲ, ಈ ಅಲೆಗಳು ಮೋಡವನ್ನೂ ಮಳೆಯನ್ನೂ ದಾಟಿ ಬರುತ್ತವೆ. ಗುಡುಗು ಸಿಡಿಲಿದ್ದರೆ ಮಾತು ಬೇರೆ, ಬಯಲಿನಲ್ಲಿ ಎತ್ತಿ ಹಿಡಿದ ಪೋಲ್‌ನೊಂದಿಗೆ ನಿಲ್ಲಬೇಡಿ. ಅಳತೆಗೆ ನಿಜವಾದ ಅಡ್ಡಿ ಬರುವುದು ಇನ್ನೂ ಮೇಲಿನ ಅಯಾನುಗೋಳದಿಂದ, ಎಂದರೆ ಬಿಸಿಲಿನಿಂದ ವಿದ್ಯುದಾವೇಶ ಪಡೆದ ವಾತಾವರಣದ ಪದರದಿಂದ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಅದರಲ್ಲೂ ಭೂಮಿಯ ಕಾಂತೀಯ ಸಮಭಾಜಕದ ಆಸುಪಾಸಿನಲ್ಲಿ, ಸೂರ್ಯಾಸ್ತದ ನಂತರದ ಕೆಲವು ಗಂಟೆಗಳಲ್ಲಿ ಫಿಕ್ಸ್ ಪದೇ ಪದೇ ತಪ್ಪಿಹೋಗುತ್ತದೆ.

ಪ್ರಶ್ನೆ: ಪೋಲ್‌ನ ರಸಮಟ್ಟದ ಗುಳ್ಳೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ಒಬ್ಬರೇ ಕೇಳಿದ್ದಾರೆ, ಎಲ್ಲರೂ ಕೇಳಬೇಕಾಗಿತ್ತು. 2 ಮೀಟರ್ ಪೋಲ್ ಒಂದು ಡಿಗ್ರಿ ಓರೆಯಾದರೆ ತುದಿಯ ಆಂಟೆನಾ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ, ಮತ್ತು ಫಿಕ್ಸ್‌ನಲ್ಲಿ ಅದರ ಸುಳಿವೇ ಕಾಣುವುದಿಲ್ಲ. ಓರೆಯನ್ನು ತಾನೇ ತಿದ್ದಿಕೊಳ್ಳುವ ಸಂವೇದಕವಿರುವ ಹೊಸ ರಿಸೀವರ್‌ಗಳಲ್ಲಿ ಈ ಚಿಂತೆ ಕಡಿಮೆ, ಆದರೆ ಅವುಗಳಲ್ಲೂ ಪೋಲ್ ಬಾಗಿರಬಾರದು. ಪೋಲ್‌ನ ಮೊನೆಯನ್ನು ಗಟ್ಟಿ ನೆಲದ ಒಂದು ಗುಳಿಯಲ್ಲಿ ಊರಿ, ಮೇಲ್ಭಾಗವನ್ನು ಎರಡು ಕಾಲಿನ ಆಸರೆಯಿಂದ ಭದ್ರಪಡಿಸಿ, ಗುಳ್ಳೆಯನ್ನು ವೃತ್ತದ ನಡುವೆ ತನ್ನಿ. ಈಗ ಆಸರೆಯನ್ನು ಅಲುಗಿಸದೆ ಪೋಲನ್ನು ಮಾತ್ರ ಅದರ ಅಕ್ಷದ ಸುತ್ತ ಅರ್ಧ ಸುತ್ತು ತಿರುಗಿಸಿ. ಗುಳ್ಳೆ ನಡುವೆಯೇ ಉಳಿದರೆ ಅದು ಸರಿಯಿದೆ. ಸರಿದಿದ್ದರೆ, ಸರಿದ ದೂರದ ಅರ್ಧವನ್ನು ರಸಮಟ್ಟದ ಕೆಳಗಿರುವ ಪುಟ್ಟ ತಿರುಪುಗಳಿಂದಲೂ ಉಳಿದರ್ಧವನ್ನು ಆಸರೆಯ ಕಾಲುಗಳಿಂದಲೂ ತಿದ್ದಿ, ಮತ್ತೆ ಅರ್ಧ ಸುತ್ತು ತಿರುಗಿಸಿ ನೋಡಿ. ಎರಡು ಮೂರು ಸಲದಲ್ಲಿ ಗುಳ್ಳೆ ನಿಲ್ಲುತ್ತದೆ.